ಬೆಸುಗೆಯ ಅಂಚು

ಬೆಸುಗೆ ಎಂದೊಡನೆ ನಮ್ಮವರು
ಮನಸ್ಸಿಗೆ ಹಾರುತ್ತಾರೆ, ಮದುವೆಗೆ ಹಾರುತ್ತಾರೆ.
ತಡೆಯಿರಿ. ನಾನು ಹೇಳುತ್ತಿರುವುದು ಬರೀ ಉಕ್ಕು.
ಪೋರ್ಟ್ ಆಗಸ್ಟಾದ ಹೊರಗೆ, ರೈಲುಹಳಿಯ ಆಚೆ,
ತಗಡಿನ ಶೆಡ್ಡಿನಲ್ಲಿ ಜಾಕಿನ ಮೇಲೆ ನಿಂತ ಟ್ರೇಲರು.
ಅದರ ಹೊಟ್ಟೆಯ ಕೆಳಗೆ ಮಲಗಿದ್ದೇನೆ,
ಬೆನ್ನಿಗೆ ರಟ್ಟು, ಹಣೆಗೆ ದೀಪ.

ಲಿಯಾನ್ ಟ್ರೆಝೈಸ್ ಹೇಳಿದ್ದಿಷ್ಟು:
ಕೂಬರ್ ಪೀಡಿಯಿಂದ ಈಚೆಗೆ, ಬೆಳಗಿನ ಜಾವ,
ಹಿಂದಿನ ಟ್ರೇಲರು ಎಡಕ್ಕೆ ಎಳೆಯತೊಡಗಿತು
ಮುನಿಸಿಕೊಂಡ ಕುದುರೆಯ ಹಾಗೆ.
ಇಳಿದಳು, ಟಾರ್ಚು ಹಿಡಿದಳು, ಏನೂ ಕಾಣಲಿಲ್ಲ.
ಕಂಡದ್ದು ನಲವತ್ತು ಕಿಲೋಮೀಟರ್ ಕಳೆದ ಮೇಲೆ:
ಎಳೆಯುವ ತೋಳೇ ಮುರಿದು
ಸರಪಳಿಯ ದಯದಲ್ಲಿ ನೇತಾಡುತ್ತಿತ್ತು.
ಕುರಿ ಇನ್ನೂರ ಎಂಬತ್ತು. ಎಲ್ಲ ಬದುಕಿವೆ.

ಮುರಿದದ್ದು ಬೆಂಚಿನ ಮೇಲಿದೆ.
ನಾನು ನೋಡುತ್ತಿರುವುದು ಅದರ ಅವಳಿಯನ್ನು:
ಅದೇ ಪ್ಲೇಟು, ಅದೇ ವಾರ, ಅದೇ ಕೈ.
ಆ ಕೈಯವನು ಡಾರ್ಕೊ ವೂಕಾಸ್, ಮೂಲೆಯಲ್ಲಿ.
ಸಾಲು ನೋಡು, ಇಂಡಿ, ಎನ್ನುತ್ತಾನೆ
(ಇಂದುಮತಿಯನ್ನು ಇಲ್ಲಿ ಯಾರೂ ಕೊನೆತನಕ ಎಳೆಯುವುದಿಲ್ಲ).
ನೋಡಿದೆ. ನಿಜಕ್ಕೂ ಚೆಂದ,
ಮೀನಿನ ಹುರುಪೆ ಒಂದರ ಮೇಲೊಂದು ಕವುಚಿಟ್ಟಂತೆ.

ಕೆಂಪು ಬಣ್ಣ ಬಳಿಯುತ್ತೇನೆ. ಹತ್ತು ನಿಮಿಷ.
ಒರೆಸಿ, ಬಿಳಿ ಪುಡಿ ಸಿಂಪಡಿಸಿ, ಕಾಯುತ್ತೇನೆ.
ಬಿಳಿಯ ಮೇಲೆ ಕೆಂಪು ಗೆರೆಯೊಂದು
ತಾನಾಗಿ ಜಿನುಗಿ ಬರುತ್ತದೆ,
ಯಾರೂ ಕೇಳುವ ಮುಂಚೆ ಬಾಯಿಬಿಟ್ಟ ಸಾಕ್ಷಿ.
ಬೆಸುಗೆಯ ಮೇಲಲ್ಲ. ಅಂಚಿನಿಂದ ಕೂದಲೆಳೆಯಷ್ಟು ಆಚೆ,
ಕರಗದೆ, ಬರೀ ಬೆಂದು ಉಳಿದ ಜಾಗದಲ್ಲಿ.

ಅಡಿಲೇಡಿನ ಲ್ಯಾಬಿನ ಕಾಗದ ಹೇಳುತ್ತದೆ:
ಇಂಗಾಲ ಸೊನ್ನೆ ದಶಾಂಶ ಮೂರು ನಾಲ್ಕು.
ಇರಬೇಕಾದ್ದು ಅದರ ಅರ್ಧ.
ಮ್ಯಾಂಗನೀಸೂ ಮೇಲೆ, ಗಂಧಕ ಒಂದು ಚೂರು.
ಇಂಗಾಲ ಅಡುಗೆಯ ಉಪ್ಪಿನ ಹಾಗೆ ಎಂದು
ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಸುಳ್ಳು.
ಉಪ್ಪು ಹೆಚ್ಚಾದರೆ ನಾಲಿಗೆಗೆ ಆಗಲೇ ಗೊತ್ತು.
ಹಾಲು ಉಕ್ಕಿದರೂ ಸದ್ದು, ವಾಸನೆ.
ಈ ಉಕ್ಕು ಎರಡು ವರ್ಷ ಸುಮ್ಮನಿತ್ತು.

ಜುಲೈ ತಿಂಗಳ ಬೆಳಗು, ಕೈ ಮರಗಟ್ಟುವ ಚಳಿ,
ಮಾಮೂಲಿ ಪ್ಲೇಟು ಎಂದು ಬಿಲ್ಲಿನಲ್ಲಿ ಬರೆದಿತ್ತು,
ಡಾರ್ಕೊ ನಂಬಿದ. ಬೆಚ್ಚಗೆ ಮಾಡಲಿಲ್ಲ.
ಹಸಿ ಕಡ್ಡಿಯ ತೇವ ಒಳಗೆ ಸೇರಿತು,
ಅಂಚು ಒಮ್ಮೆಲೇ ತಣಿದು ಗಾಜಾಯಿತು.
ಅವನು ಮನೆಗೆ ಹೋಗಿ, ಉಂಡು, ಮಲಗಿದ ಮೇಲೆ
ನಡುರಾತ್ರಿ ಎಲ್ಲೋ ಅದು ಚಿಟ್ ಎಂದಿರಬೇಕು,
ಶೆಡ್ಡಿನ ಕತ್ತಲಲ್ಲಿ, ಯಾರಿಗೂ ಅಲ್ಲದೆ.

ಮುರಿದ ಮುಖಕ್ಕೆ ಭೂತಗನ್ನಡಿ ಹಿಡಿಯುತ್ತೇನೆ.
ತುದಿಯಲ್ಲಿ ಸಾಸಿವೆಯಷ್ಟು ಕಪ್ಪು, ಅಲ್ಲಿಂದ
ಗೆರೆ, ಗೆರೆ, ಗೆರೆ,
ಅಲೆ ಸರಿದ ಮೇಲಿನ ಮರಳು.
ಕೊನೆಗೆ ಬೆಲ್ಲದಚ್ಚು ಒಡೆದಂತೆ ಒರಟು ಹರಳು:
ಅದು ಕಡೆಯ ಅರೆಕ್ಷಣ.
ಇದೇನು, ಈ ದಪ್ಪ ಗೆರೆ? ಲಿಯಾನ್ ಬೆರಳಿಡುತ್ತಾಳೆ.
ತುಕ್ಕು, ಎನ್ನುತ್ತೇನೆ. ಗಾಡಿ ಓಡದೆ ನಿಂತಾಗ
ಬಿರುಕೂ ನಿಲ್ಲುತ್ತದೆ, ಬಾಯಿ ಕೆಂಪಾಗುತ್ತದೆ.
ಅವಳು ತಡವಾಗಿ ಹೇಳುತ್ತಾಳೆ: ಆರು ವಾರ.
ನನ್ನ ಮೊಣಕಾಲಿನ ಆಪರೇಷನ್.
ಆಮೇಲೆ ಆ ಗೆರೆಯಿಂದ ಬೆರಳು ತೆಗೆಯುವುದೇ ಇಲ್ಲ.

ಇದರ ಮೇಲೇ ಒಂದು ಸಾಲು ಎಳೆದುಬಿಡಲೆ?
ಡಾರ್ಕೊ ಕೇಳುತ್ತಾನೆ. ಉತ್ತರ ಅವನಿಗೇ ಗೊತ್ತು.
ಕೊಯ್ದು ತೆಗೆಯಬೇಕು, ಬೇರೆ ಪ್ಲೇಟು ತರಬೇಕು,
ಬಿಲ್ಲಲ್ಲ, ಅದರ ಜಾತಕದ ಸಮೇತ.
ವರದಿಯ 'ಕಾರಣ' ಎಂಬಲ್ಲಿ
ಜಾಗ ಒಂದೂವರೆ ಇಂಚು. ಇಂಗಾಲ ಎಂದು ಬರೆದು
ಪೆನ್ನು ಎತ್ತಿ ಹಿಡಿದಿದ್ದೇನೆ.

ಶುಕ್ರವಾರ ಹೊಸ ಪ್ಲೇಟು ಬಂತು.
ಡಾರ್ಕೊ ಗ್ಯಾಸ್ ಹಚ್ಚಿ ಉರಿ ತೋರಿಸುತ್ತಾನೆ,
ನೂರೈವತ್ತು ಡಿಗ್ರಿಯ ಬಳಪದಿಂದ ಗೀಟೆಳೆದು
ಮೊಣಕಾಲೂರಿ ನೋಡುತ್ತಾನೆ.
ಇನ್ನೂ ಪುಡಿಪುಡಿ. ಇನ್ನೂ ಕರಗಿಲ್ಲ.